ಕೆಂಪು ತುದಿ, ಬಿಳಿ ಭುಜ

ಮೂವತ್ತು ವರ್ಷ ಆಂಬುಲೆನ್ಸ್ ಓಡಿಸಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು ಹೇಳಿ? ಬೀದಿಯವರೆಲ್ಲ ಅವನನ್ನು ಸೈರನ್ ಎಂದೇ ಕರೆಯುತ್ತಿದ್ದರು. ಕಾಫಿ ಆರುವ ಮುಂಚೆಯೇ ಸುರಿದುಕೊಂಡು ಬಾಯಿ ಸುಟ್ಟುಕೊಳ್ಳುವ ಆಸಾಮಿ. ಅಂಥವನು ನಿವೃತ್ತನಾದ ಮೇಲೆ ಮಹಡಿಯಲ್ಲಿ ಹನ್ನೆರಡು ಕುಂಡ ಇಟ್ಟು ಸ್ಟ್ರಾಬೆರಿ ಬೆಳೆಯಲು ಹೊರಟ. ಅದೂ ಅಕ್ಕನಿಗಾಗಿ.

ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕ. ಈಗ ಅವಳಿಗೆ ದೊಡ್ಡ ಕಾಯಿಲೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್. ಅದು ಒಳಗೆ ಹೋದರೆ ಹದಿನೈದು ದಿನ ಬಾಯಲ್ಲಿ ಬರೀ ತುಕ್ಕಿನ ರುಚಿ. ನಾಲಿಗೆ ನೆಟ್ಟಗಾಗುವುದು ಮುಂದಿನ ಡ್ರಿಪ್ಪಿಗೆ ನಾಲ್ಕೈದು ದಿನ ಮೊದಲು.

"ಆ ನಾಲ್ಕು ದಿನದಲ್ಲಿ ಒಂದೇ ಒಂದು ಸಿಹಿ ಸ್ಟ್ರಾಬೆರಿ ತಿನ್ಸೋ, ಸಾಕು," ಎಂದಿದ್ದಳು. "ಅಂಗಡೀದು ಬೇಡ. ನೋಡೋಕೆ ಮದುವಣಗಿತ್ತಿ, ಬಾಯಿಗಿಟ್ರೆ ಬರೀ ಹುಳಿ."

ಕಳೆದ ಸಲ ತುದಿ ಕೆಂಪಾಗಿದ್ದೇ ತಡ, ಎಂಟು ಹಣ್ಣನ್ನೂ ಕಿತ್ತು, ಮಾವಿನಕಾಯಿ ಹಣ್ಣಿಗೆ ಹಾಕಿದ ಹಾಗೆ ಒಣಹುಲ್ಲಿನಲ್ಲಿ ಮುಚ್ಚಿಟ್ಟಿದ್ದ. ಮೂರನೇ ದಿನ ತೆಗೆದರೆ ಎಲ್ಲಕ್ಕೂ ಬೂಸ್ಟು. ಗಿಡ ಮಾರಿದ ನರ್ಸರಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲಯ್ಯಾ, ಕಿತ್ತ ಮೇಲೆ ಇದು ಕೊಳೆಯುತ್ತೆ, ಸಿಹಿಯಾಗಲ್ಲ. ಎಲೆ ಟೋಪಿ ಎತ್ತಿ ನೋಡು. ಭುಜ ಬೆಳ್ಳಗಿದ್ರೆ ಮುಟ್ಟಬೇಡ. ತುದಿ ಮೊದ್ಲು ಹಣ್ಣಾಗುತ್ತೆ, ಭುಜ ಕೊನೆಗೆ. ಅಲ್ಲೂ ಕೆಂಪಾಗಿ ಘಮ್ ಅಂದಾಗ ಕೀಳು."

"ಅಷ್ಟರಲ್ಲಿ ಹಕ್ಕಿ ತಿಂದ್ರೆ?"

"ಬಲೆ ಹಾಕು. ನೀನೂ ಆ ಬಲೆ ಆಚೆಗೇ ಇರು."

ಈ ಸಲ ವಾರವಿಡೀ ಮೋಡ. ಹನ್ನೆರಡು ಕುಂಡ ತಡಕಿದರೂ ಬಣ್ಣ ತಿರುಗಿದ್ದು ಒಂದೇ ಹಣ್ಣು. ಡ್ರಿಪ್ ಶುಕ್ರವಾರ. ಸೋಮವಾರ ಕೈ ಚಾಚಿ ಹಿಂದೆ ತೆಗೆದ. ಬುಧವಾರ ತನ್ನ ಕೈಯನ್ನು ತಾನೇ ನಂಬದೆ, ಕತ್ತರಿಯನ್ನು ಹೆಂಡತಿಗೆ ಕೊಟ್ಟು "ಕೇಳಿದ್ರೂ ಕೊಡ್ಬೇಡ" ಎಂದ. ಶುಕ್ರವಾರ ಬೆಳಿಗ್ಗೆ ಟೋಪಿ ಎತ್ತಿದರೆ ಉಗುರಿನಷ್ಟು ಬಿಳಿ ಇನ್ನೂ ಉಳಿದಿತ್ತು.

"ಇನ್ನೇನ್ರೀ, ಕಿತ್ಕೊಂಡು ಹೋಗಿ," ಎಂದಳು ಹೆಂಡತಿ.

"ಬಿಸಿಲು ಬಂದಿದೆ ಕಣೇ. ಅವಳ ಬಾಯಿಗೆ ಹೋಗೋವರೆಗೂ ಗಿಡದಲ್ಲೇ ಇರ್ಲಿ."

ಕುಂಡವನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದ. ಕೆಂಪು ದೀಪಕ್ಕೂ ನಿಲ್ಲದೆ ಓಡಿಸಿದ್ದ ಮಹಾನುಭಾವ ಅವತ್ತು ತುಂಬಿದ ಕೊಡ ಹೊತ್ತವನ ಹಾಗೆ ಹೋದ. ಸೈಕಲ್ಲುಗಳೆಲ್ಲ ಅವನನ್ನು ಹಿಂದೆ ಹಾಕಿದವು.

ವಾರ್ಡಿನಲ್ಲಿ ನರ್ಸ್ ಆಗಲೇ ಸೂಜಿಯ ಟ್ರೇ ಹಿಡಿದು ನಿಂತಿದ್ದಳು.

"ಸಿಸ್ಟರ್, ಹತ್ತೇ ನಿಮಿಷ ತಡೀರಿ."

"ಅಯ್ಯೋ ದೇವ್ರೇ, ಒಂದ್ನಿಮಿಷ ತಡವಾದ್ರೆ ಆಸ್ಪತ್ರೆನೇ ಎತ್ತಿ ಬಿಸಾಕ್ತಿದ್ರಲ್ಲ ನೀವು!" ಎನ್ನುತ್ತಲೇ ಅವಳು ಪಕ್ಕದ ಮಂಚಕ್ಕೆ ಹೋದಳು.

"ಏನೋ ಇದು, ಮಹಡೀನೇ ಕಿತ್ಕೊಂಡು ಬಂದ್ಯಾ?" ಎಂದ ಅಕ್ಕ, ಹಣ್ಣನ್ನು ಮೂಸಿ ಕಣ್ಣು ಮುಚ್ಚಿದಳು.

"ಭುಜ ಇನ್ನೂ ಬೆಳ್ಳಗಿದೆ ಅಕ್ಕಾ. ಒಂದೇ ಒಂದು ದಿನ ಕಮ್ಮಿ ಆಯ್ತು."

"ಪೆದ್ದೇ, ಇಡೀ ಹಣ್ಣನ್ನ ನಾವು ಒಬ್ಬೊಬ್ರೇ ತಿಂದಿದ್ದು ಯಾವಾಗ್ಲೋ?"

ಕೂದಲು ಉದುರಿದ ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಹಣ್ಣನ್ನು ಕಿತ್ತು, ಬಟ್ಟೆಯಲ್ಲಿ ಮಡಚಿ, ಹಲ್ಲಿಗಿಟ್ಟು ಕಚ್ಚಿ ಎರಡು ಮಾಡಿದಳು. ಕಾಗೆ ಎಂಜಲು! ಚಿಕ್ಕಂದಿನಲ್ಲಿ ಪೆಪ್ಪರಮೆಂಟನ್ನು ಹೀಗೇ ಕಚ್ಚಿ, ದೊಡ್ಡ ಚೂರನ್ನು ಅವನ ಬಾಯಿಗೆ ತುರುಕುತ್ತಿದ್ದಳು. ಈಗಲೂ ಕೆಂಪು ತುದಿಯನ್ನೇ ಅವನತ್ತ ಚಾಚಿದಳು.

"ಅದು ನಿಂದು," ಎಂದು ಅವನು ಬಿಳಿ ಭುಜವನ್ನು ಕಸಿದು ಬಾಯಿಗೆ ಹಾಕಿಕೊಂಡ. ಹುಳಿಗೆ ಹಲ್ಲು ಚುಳ್ಳೆಂದಿತು. ಮುಖ ಕಿವುಚದೆ ನುಂಗಿದ.

ಅಕ್ಕ ಮೆಲ್ಲಗೆ ಅಗಿಯುತ್ತಿದ್ದಳು. ಗಲ್ಲದ ಮೇಲೆ ಕೆಂಪು ರಸ ಇಳಿಯಿತು.

"ಸಿಹಿ ಇದ್ಯಾ?"

"ಸುಮ್ನಿರೋ. ಇನ್ನೂ ಮುಗ್ದಿಲ್ಲ."

ನರ್ಸ್ ಟ್ರೇ ಹಿಡಿದು ವಾಪಸ್ಸು ಬಂದಳು. ಸೈರನ್ ತಿರುಗಿಯೂ ನೋಡದೆ, ಟ್ರಾಫಿಕ್ ಪೊಲೀಸಿನ ಹಾಗೆ ಅಂಗೈ ಚಾಚಿ ಅವಳನ್ನು ನಿಲ್ಲಿಸಿದ.