ಅಸೊಬಿಗೆ ಬನ್ನಿ

ಜಪಾನಿನ ಮತ್ಸುಎ ಊರಿನ ಕಾಲುವೆ ಬದಿಯಲ್ಲಿ ಕಿವಾಕೊಳ ಸೈಕಲ್ ರಿಪೇರಿ ಅಂಗಡಿಯಿತ್ತು. ಮದುವೆಯಾಗುತ್ತೇನೆಂದು ವರ್ಷಗಟ್ಟಲೆ ನಂಬಿಸಿದ್ದ ನೊಬುಮಿಚಿ ಒಂದು ದಿನ ಅದೇ ಅಂಗಡಿಯ ಬಾಗಿಲಲ್ಲಿ ನಿಂತು, "ಯಾಕೆ ಅಳ್ತೀಯೆ? ನಮ್ಮಿಬ್ಬರದ್ದು ಬರೀ ಅಸೊಬಿ ತಾನೆ?" ಎಂದು ಹೇಳಿ ಹೊರಟುಹೋದ. ಮಕ್ಕಳ ಆಟಕ್ಕೂ ಅದೇ ಮಾತು, ಗಂಡಸರ ಚೆಲ್ಲಾಟಕ್ಕೂ ಅದೇ ಮಾತು. ಆಮೇಲೆ ಬೀದಿಯಲ್ಲಿ ಮಕ್ಕಳು ಅಸೊಬಿಗೆ ಒಬ್ಬರನ್ನೊಬ್ಬರು ಕರೆದರೂ ಅವಳಿಗೆ ಮೈ ಉರಿಯುತ್ತಿತ್ತು.

ಎರಡು ವರ್ಷದ ಮೇಲೆ ಹೊಸಬಳೊಬ್ಬಳು ಸೈಕಲ್ ತಳ್ಳಿಕೊಂಡು ಬಂದಳು. ಹಿಂದೆ ಅವಳ ಗಂಡ. ನೊಬುಮಿಚಿ!

"ಬ್ರೇಕ್ ಮುಟ್ಟಿದ್ರೆ ಸಾಕು, ಮುಗ್ಗರಿಸಿಬಿಡ್ತೀನಿ ಕಣ್ರೀ," ಎಂದಳು ಆ ಹೆಂಡತಿ, ಚಿಜುರು.

"ಇದಕ್ಕೆ ಅಸೊಬಿ ಇಲ್ಲ. ಹಿಡಿಯೋ ಮುಂಚೆ ಒಂಚೂರು ಸಡಿಲ ಇರ್ಬೇಕು. ಯಜಮಾನರಿಗೆ ಗೊತ್ತಿರ್ಬೇಕಲ್ಲ?" ಎಂದಳು ಕಿವಾಕೊ. ಬ್ರೇಕಿನ ಸಡಿಲಕ್ಕೂ ಅದೇ ಮಾತು.

"ನನಗೇನು ಗೊತ್ತು?" ಎಂದ ನೊಬುಮಿಚಿ, ಅವಳ ಮುಖವನ್ನೇ ಕಂಡಿಲ್ಲದವನಂತೆ.

ಬಿಟ್ಟುಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ಚಿಜುರು ಹೊರಡುವಾಗ, "ಸೇತುವೆ ಆಚೆನೇ ನಮ್ಮನೆ. ಒಂದ್ಸಲ ಅಸೊಬಿಗೆ ಬನ್ನಿ," ಎಂದಳು. ಮನೆಗೆ ಬಂದು ಹೋಗಿ ಎಂಬ ಉಪಚಾರ ಅದು. ಯಾರೂ ನಿಜವಾಗಿ ಹೋಗುವುದಿಲ್ಲ.

"ಭಾನುವಾರ ಬರ್ಲಾ?" ಎಂದಳು ಕಿವಾಕೊ.

ಭಾನುವಾರ ಒಳ್ಳೆಯ ಬಟ್ಟೆ ಉಟ್ಟು, ಸಿಹಿಯ ಪೆಟ್ಟಿಗೆ ಹಿಡಿದು ಹೋದಳು. ನೊಬುಮಿಚಿಯ ಮುಖ ಬಿಳಿಚಿಕೊಂಡಿತು. ಚಿಜುರು ಚಹಾ ಬಗ್ಗಿಸುತ್ತಾ, "ಇವರ ಪರಿಚಯ ಮೊದಲೇ ಇತ್ತಾ?" ಎಂದಳು.

"ಇತ್ತಲ್ಲ. ಮದುವೆ ಆಗ್ತೀನಿ ಅಂತಿದ್ರು. ಕೊನೆಗೆ ಬರೀ ಅಸೊಬಿ ಅಂದ್ರು."

"ಯಾವಾಗ?"

"ಎರಡು ವರ್ಷದ ಹಿಂದಿನ ಚಳಿಗಾಲ."

ಚಿಜುರು ಚಹಾಪಾತ್ರೆ ಕೆಳಗಿಟ್ಟಳು. "ಅದಕ್ಕೂ ಮುಂಚಿನ ಬೇಸಿಗೆಗೇ ನಮ್ಮ ನಿಶ್ಚಿತಾರ್ಥ ಆಗಿತ್ತಲ್ರೀ!"

"ಅಯ್ಯೋ, ಹಳೇದು ಕಣೆ, ತಮಾಷೆಗೆ..." ಎಂದು ಅವನು ತೊದಲಿದ.

"ನನ್ನ ಹತ್ರಾನೂ ತಮಾಷೇನಾ?"

ಕಿವಾಕೊ ಪೂರ್ತಿ ಚಹಾ ಕುಡಿದು, ನಮಸ್ಕರಿಸಿ ಎದ್ದಳು. ಬಾಗಿಲು ದಾಟುವಾಗ ಒಳಗೆ ಏನೋ ಒಡೆದ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ದಾರಿಯಲ್ಲಿ ಸುಟ್ಟ ಹಾವುಮೀನು ಕೊಂಡು, ಮನೆಯಲ್ಲಿ ಬಿಸಿ ಅನ್ನದ ಮೇಲೆ ಹಾಕಿಕೊಂಡು ಹೊಟ್ಟೆ ತುಂಬ ಉಂಡಳು.

ಚೆರ್ರಿ ಅರಳುವ ಹೊತ್ತಿಗೆ ನೊಬುಮಿಚಿ ಗಂಟುಮೂಟೆ ಕಟ್ಟಿ ತಾಯಿಯ ಊರಿಗೆ ಹೋದನೆಂದು ಮೀನಂಗಡಿಯವಳು ಹೇಳಿದಳು. ಕಿವಾಕೊಳಿಗೆ ಅಯ್ಯೋ ಅನ್ನಿಸಲಿಲ್ಲ. ಚಿಜುರು ಮಾತ್ರ ಮತ್ತೆಂದೂ ಅಂಗಡಿಯತ್ತ ಸುಳಿಯಲಿಲ್ಲ. ಸೇತುವೆಯ ಮೇಲೆ ಒಮ್ಮೆ ಎದುರಾದಾಗ ಮುಖ ತಿರುಗಿಸಿ ನಡೆದಳು. ಅದೊಂದು ಕಿವಾಕೊಳ ಎದೆಯಲ್ಲಿ ಬಹಳ ದಿನ ಮುಳ್ಳಿನಂತೆ ಉಳಿಯಿತು.