ಲೀಟರಿಗೆ ಇಪ್ಪತ್ನಾಲ್ಕು

ಆ ಮೀಟರು ಕಂಡುಹಿಡಿದವನ ಕೈ ಸೇದಿಹೋಗಲಿ ಎಂದು ಸುಫಿಯಾ ಶಪಿಸಿದ್ದು ಅದೇ ಮೊದಲಲ್ಲ. ಕಾರು ಮನೆಗೆ ಬಂದ ಎಂಟು ತಿಂಗಳಿಂದಲೂ ಶಪಿಸುತ್ತಲೇ ಇದ್ದಳು. ಆದರೆ ಇವತ್ತಿನಷ್ಟು ಹೊಟ್ಟೆ ಉರಿದುಕೊಂಡು ಶಪಿಸಿರಲಿಲ್ಲ. ಕೆ.ಆರ್. ನಗರದಲ್ಲಿ ಅವಳ ಅಮ್ಮ ಜಮೀಲುನ್ನೀಸಾ ಬೆಳಿಗ್ಗೆ ತೀರಿಕೊಂಡಿದ್ದರು. ಮಧ್ಯಾಹ್ನವೇ ಮಣ್ಣು. ಇವಳ ಗಂಡ ನೂಮಾನ್ ಮಾತ್ರ ನಲವತ್ತೈದರ ಸ್ಪೀಡು ದಾಟದೆ ಕಾರು ಓಡಿಸುತ್ತಿದ್ದ!

ಸ್ಟೇರಿಂಗಿನ ಹಿಂದೆ ಒಂದು ಪುಟ್ಟ ಪರದೆ. ಒಂದು ಲೀಟರ್ ಪೆಟ್ರೋಲಿಗೆ ಕಾರು ಎಷ್ಟು ಕಿಲೋಮೀಟರ್ ಕೊಡುತ್ತಿದೆ ಅಂತ ಅದು ತೋರಿಸುತ್ತದೆ. ಮೆತ್ತಗೆ ಓಡಿಸಿದರೆ ಅಂಕಿ ಏರಿ ಹಸಿರು ದೀಪ ಹತ್ತುತ್ತದೆ, ಜೋರಾಗಿ ಒತ್ತಿದರೆ ಇಳಿಯುತ್ತದೆ. ಎಚ್.ಡಿ. ಕೋಟೆಯಲ್ಲಿ ಸೋಫಾ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ನೂಮಾನನಿಗೆ ಅದೊಂದು ಒಳ್ಳೇ ಪಾಠವೇ ಆಗಿತ್ತು. ಮೊದಮೊದಲು ಸುಫಿಯಾಳೂ ಮೆಚ್ಚಿಕೊಂಡಿದ್ದಳು. ಆಮೇಲೆ ಶುರುವಾಯಿತು ನೋಡಿ ಹುಚ್ಚು! ಬೇಸಿಗೆಯಲ್ಲೂ ಎಸಿ ಹಾಕುವಂತಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ ಇಡುವಂತಿಲ್ಲ. ಎದುರಿಗೆ ಕತ್ತೆ ಹೋಗುತ್ತಿದ್ದರೂ ಓವರ್‌ಟೇಕ್ ಮಾಡುವಂತಿಲ್ಲ. ಇಪ್ಪತ್ನಾಲ್ಕು ಬಂದ ದಿನ ಪರದೆಯ ಫೋಟೊ ಹೊಡೆದು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದ. ಮದುವೆ ಫೋಟೊವನ್ನೂ ಅವನು ಅಷ್ಟು ಪ್ರೀತಿಯಿಂದ ಯಾರಿಗೂ ತೋರಿಸಿದವನಲ್ಲ.

ಸುದ್ದಿ ಬಂದಾಗ ಅವನು ಬೀಚನಹಳ್ಳಿಯ ಹತ್ತಿರ ಒಂದು ರೆಸಾರ್ಟಿನಲ್ಲಿ ಸೋಫಾ ಕೆಲಸದ ಮೇಲಿದ್ದ. "ಬಸ್ಸಿಗೆ ಹೋಗ್ಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದ. ನಂಬಿ ಕೂತಳು. ಅವನು ಬಂದಾಗ ಹನ್ನೊಂದೂವರೆ. ಬಸ್ಸು ಹತ್ತಿದ್ದರೆ ಅಷ್ಟೊತ್ತಿಗೆ ಅಮ್ಮನ ಪಕ್ಕದಲ್ಲಿರುತ್ತಿದ್ದೆನಲ್ಲ ಎಂದು ತನ್ನ ಮೇಲೂ ಅವಳಿಗೆ ಸಿಟ್ಟು ಬಂತು.

ಹುಣಸೂರು ಹತ್ತಿರವಾಗುವಾಗ ಮಾಮು ಅಹಮದ್ ಪಾಷಾ, ಅಂದರೆ ಅಮ್ಮನ ತಮ್ಮ, ಫೋನ್ ಮಾಡಿದರು. "ಬಿಸಿಲು ಜೋರಾಗಿದೆ ಬೇಟಾ. ಒಂದು ಗಂಟೆಗೆ ಮನೆಯಿಂದ ಎತ್ತುಬುಡ್ತೀವಿ. ಅಷ್ಟರಲ್ಲಿ ಬಂದ್ಬುಡಿ."

"ಕೇಳಿಸ್ತಾ? ಒಂದು ಗಂಟೆ!" ಎಂದಳು ಸುಫಿಯಾ.

"ಜನಾಜಾ ನಮಾಜು ಒಂದೂವರೆಗಲ್ವಾ? ಒಂದೂಕಾಲಿಗೆ ಅಲ್ಲಿರ್ತೀವಿ. ಸುಮ್ನೆ ಯಾಕೆ ಅವಸರ ಮಾಡ್ತೀಯ?"

ಸುಫಿಯಾಳಿಗೆ ಮೈಯೆಲ್ಲ ಉರಿದುಹೋಯಿತು. "ಒಂದೂವರೆ ನಿಮಗೆ ಕಣ್ರೀ! ನೀವು ಗಂಡಸರು, ಮಸೀದಿಗೆ ಹೋಗ್ತೀರ, ಖಬರಸ್ತಾನಕ್ಕೂ ಹೋಗ್ತೀರ. ನಾನು ಎಲ್ಲಿಗೆ ಹೋಗ್ಲಿ? ಮನೆ ಹೊಸ್ತಿಲು ದಾಟಿದ್ರೆ ನನ್ನ ಪಾಲಿಗೆ ಅಮ್ಮ ಮುಗೀತು. ಮುಖ ನೋಡೋದು ಬೇಡ್ವಾ ನಾನು?"

"ನೋಡ್ತೀಯ ಬಿಡು. ಎಲ್ಲಾ ಕಡೆ ಹತ್ತು ನಿಮಿಷ ಹೆಚ್ಚು ಕಮ್ಮಿ ಆಗುತ್ತೆ" ಎಂದ ನೂಮಾನ್. ಅನ್ನುವಾಗಲೂ ಅವನ ಕಣ್ಣು ಪರದೆಯ ಮೇಲೆಯೇ ಇತ್ತು. ಸುಫಿಯಾ ದುಪಟ್ಟಾದ ಸೆರಗೆಳೆದು ಪರದೆಯ ಮೇಲೆ ಹಾಕಿದಳು. ಅವನು, ಸೋಫಾದ ಮೇಲಿನ ದಾರ ತೆಗೆಯುವವನ ಹಾಗೆ, ಎರಡು ಬೆರಳಲ್ಲಿ ಅದನ್ನು ಎತ್ತಿ ಪಕ್ಕಕ್ಕೆ ಸರಿಸಿದ.

ಹುಣಸೂರು ದಾಟಿ ಕೆ.ಆರ್. ನಗರದ ರಸ್ತೆಗೆ ಬಿದ್ದರೆ ಮುಂದೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು. ರಸ್ತೆ ಖಾಲಿ ಇತ್ತು, ನೂಮಾನ್ ಮಾತ್ರ ಅದರ ಬಾಲ ಹಿಡಿದು ತೆವಳಿದ. ಹಿಂದಿನಿಂದ ಒಂದು ಗೂಡ್ಸ್ ಗಾಡಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಗಂಟೆ ಹನ್ನೆರಡು ಮೂವತ್ತೈದು.

"ಓವರ್‌ಟೇಕ್ ಮಾಡಿ."

"ಈಗ ಒತ್ತಿದ್ರೆ ಬೆಳಿಗ್ಗೆಯಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮ. ಮುಂದೆ ಅವನೇ ತಿರುಗ್ತಾನೆ."

"ನಿಲ್ಸಿ."

"ಏನು?"

"ನಿಲ್ಸಿ ಅಂದೆ! ನಿಲ್ಸದಿದ್ರೆ ಹಾರ್ತೀನಿ!" ಎಂದು ಕಿರುಚಿ ಅವಳು ಬಾಗಿಲು ತೆಗೆದೇಬಿಟ್ಟಳು. ಅವನು ಬ್ರೇಕ್ ಒತ್ತಿದ. ಇಳಿದವಳೇ ಹಿಂದಿನ ಗಾಡಿಗೆ ಅಡ್ಡ ನಿಂತು ಎರಡೂ ಕೈ ಎತ್ತಿದಳು. ಗಾಡಿಯವರು ಹನಗೋಡಿನ ನಿಂಗಯ್ಯ, ಹಿಂದೆ ಶುಂಠಿ ಮೂಟೆ ಹೇರಿದ್ದ ವಯಸ್ಸಾದ ರೈತ.

"ನಮ್ಮಮ್ಮ ತೀರ್ಕೊಂಡಿದಾರೆ ಅಣ್ಣ. ಒಂದು ಗಂಟೆಗೆ ಎತ್ತುಬುಡ್ತಾರೆ. ಕೆ.ಆರ್. ನಗರಕ್ಕೆ ಬಿಡ್ತೀರಾ?"

"ಅಯ್ಯೋ, ಕುಂತ್ಕೊಳವ್ವ, ಕುಂತ್ಕೊ! ಆ ಕಾರು ಓಗೋದ್ ನೋಡಿ, ಒಳಗೆ ಮದ್ವೆಣ್ಣು ಕುಂತವ್ಳೆ ಅನ್ಕಂಡಿದ್ದೆ ಕಣವ್ವ" ಎನ್ನುತ್ತ ನಿಂಗಯ್ಯ ಗೇರು ಬದಲಿಸಿದರು. ಗಾಡಿ ಗಡಗಡ ಅನ್ನುತ್ತ ಕಾರನ್ನೂ ಟ್ರ್ಯಾಕ್ಟರನ್ನೂ ಒಟ್ಟಿಗೆ ಹಿಂದೆ ಹಾಕಿತು. ಸುಫಿಯಾ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ಅತ್ತಳು, ದುಃಖಕ್ಕೆಷ್ಟು ಸಿಟ್ಟಿಗೆಷ್ಟು ಅಂತ ಅವಳಿಗೇ ಗೊತ್ತಿರಲಿಲ್ಲ.

ಅಮ್ಮನ ಮನೆ ಮುಂದೆ ಇಳಿದಾಗ ಒಂದಕ್ಕೆ ಮೂರು ನಿಮಿಷವಿತ್ತು. ಕಫನ್ ತೊಡಿಸಿ ಆಗಿತ್ತು, ಮುಖವೊಂದೇ ತೆರೆದಿತ್ತು. ಕಾಯಿಲೆಯಲ್ಲಿ ಸೊರಗಿದ್ದ ಮುಖ ಈಗ ನಿರಾಳವಾಗಿತ್ತು. ಸುಫಿಯಾ ಹಣೆ ಮುಟ್ಟಿದಳು, ಕಫನ್ ಬಟ್ಟೆಯ ಅಂಚು ಸರಿಮಾಡಿದಳು, ಮನಸ್ಸು ತುಂಬುವಷ್ಟು ನೋಡಿದಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ.

ಆಮೇಲೆ ಅಹಮದ್ ಪಾಷಾ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನೂಮಾನ್ ಎಲ್ಲಮ್ಮ?"

"ಹಿಂದೆ ಬರ್ತಿದಾರೆ."

"ಹಂಗಾದ್ರೆ ಹತ್ತು ನಿಮಿಷ ತಡೆಯೋಣ್ವಾ? ಅಳಿಯ ಅಂದ್ರೆ ಅಕ್ಕಂಗೆ ಪ್ರಾಣ. ಅವನೂ ಒಂದ್ಸಲ ಮುಖ ನೋಡ್ಲಿ."

ನಿಜವೇ. ಅಮ್ಮನಿಗೆ ಮಗಳಿಗಿಂತ ಅಳಿಯನೇ ಹೆಚ್ಚು. ಅವನು ಬರುತ್ತಾನೆಂದರೆ ಬೆಳಿಗ್ಗೆಯಿಂದ ಖೀಮಾ ಮಾಡಿಕೊಂಡು ಕಾಯುತ್ತಿದ್ದರು. ಅವನಿಗೂ ಅಷ್ಟೇ, ತಾಯಿಯಿಲ್ಲದವನು, ಅವರನ್ನು ಅಮ್ಮೀ ಅಂತಲೇ ಕರೆಯುತ್ತಿದ್ದ. ಸುಫಿಯಾಳಿಗೆ ಎಲ್ಲ ನೆನಪಾಯಿತು. ನೆನಪಾದಷ್ಟೂ ಸಿಟ್ಟು ಹೆಚ್ಚಾಯಿತು.

"ಬೇಡ ಮಾಮು. ಎತ್ತಿ" ಎಂದಳು.

ನೂಮಾನ್ ಬಂದಾಗ ಒಂದು ಗಂಟೆ ಹನ್ನೆರಡು ನಿಮಿಷ. ಚಪ್ಪಲಿ ಬಿಟ್ಟು ಒಳಗೆ ಓಡಿಬಂದ. ನಡುಮನೆಯಲ್ಲಿ ಹೆಂಗಸರು ಮಾತ್ರ ಕೂತಿದ್ದರು. ಅಮ್ಮೀ ಇದ್ದ ಜಾಗದಲ್ಲಿ ಬರೀ ಚಾಪೆ.

"ಆಗ್ಲೇ ಹೋದ್ರಾ?"

ಅವನು ಚಾಪೆಯ ಪಕ್ಕ ಕುಸಿದು ಕೂತ. ಸುಫಿಯಾಳ ಕಡೆ ತಿರುಗಿದಾಗ ಅವನ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು.

"ನಂಗೂ ಅವ್ರೇ ಅಮ್ಮ ಅಂತ ನಿಂಗೆ ಗೊತ್ತಿರಲಿಲ್ವಾ? ಹತ್ತು ನಿಮಿಷ ತಡೀರಿ ಅಂತ ಮಾಮುಗೆ ಒಂದ್ಮಾತು ಹೇಳೋಕೆ ಆಗ್ಲಿಲ್ವಾ ನಿಂಗೆ?"

"ನಾನು ಹೇಳೋದೇ ಬೇಕಿರಲಿಲ್ಲ" ಎಂದಳು ಸುಫಿಯಾ. "ಮಾಮು ತಾವಾಗೇ ಕೇಳಿದ್ರು. ಬೇಡ ಅಂದಿದ್ದು ನಾನು."