ತಡೀರಿ ಸಾಹೇಬರು ಹೊರಟ ದಿನ

ಮಗಳು ಹಿಂದಿನ ಚಕ್ರದ ನಟ್ಟೊಂದರ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಬೆರಳು ಬೆಳ್ಳಗಾಯಿತು. ಬಣ್ಣ ಇನ್ನೂ ಹಸಿ.

“ಯಾರು ಹಚ್ಚಿದ್ದು ಇದು?”

“ನಾನೇ ಕಣಮ್ಮ,” ಎಂದ ಲಾರಿ ಯಾರ್ಡಿನ ಮೇಸ್ತ್ರಿ, ಎದೆ ಅರ್ಧ ಇಂಚು ಉಬ್ಬಿಸಿ. “ಬೆಳಗ್ಗೆ ಆರಕ್ಕೆ ಶುರು ಹಚ್ಕೊಂಡೆ. ಎಂಟು ಚಕ್ರ, ಒಂದೊಂದಕ್ಕೂ ಹತ್ತು ನಟ್ಟು, ಎಲ್ಲದಕ್ಕೂ ಬೆಳ್ಳಿ ಬಣ್ಣ. ಅಣ್ಣ ಸುಮ್ನೆ ಹೋಗ್ಬಾರ್ದು ನೋಡು, ರಾಜನ ಥರ ಹೋಗ್ಬೇಕು.”

ನಾಲ್ಕು ಮನೆಗಳ ಬಾಗಿಲಿಗೆ ಅಡ್ಡ ನಿಂತಿದ್ದ ಆ ಟ್ರೈಲರಿಗೆ ಅಂದು ಎಲ್ಲಿ ನೋಡಿದರೂ ಹೂವು. ಅಂಚಿಗೆ ಹೂವು, ಹಿಂದಿನ ದೀಪಗಳ ಮೇಲೆ ಹೂವು, ಮುಂದಿನ ಲಾರಿಯಿಂದ ಟ್ರೈಲರಿಗೆ ಗಾಳಿ ಒಯ್ಯುವ ಪೈಪುಗಳಿಗೂ ಸುತ್ತಿ ಸುತ್ತಿ ಹೂವು. ಮೇಲೆ ಬಯಲು ಹಲಗೆಯ ನಡುವೆ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅಪ್ಪ.

ಯಾರ್ಡಿನ ಗೇಟಿನಲ್ಲಿ ಮೂವತ್ತೊಂದು ವರ್ಷ ನಿಂತು, ಹೊರಡುವ ಒಂದೊಂದು ಟ್ರೈಲರನ್ನೂ ಸುತ್ತು ಹಾಕಿ, ತಟ್ಟಿ, ಬಗ್ಗಿ ನೋಡಿ ಕಳಿಸುತ್ತಿದ್ದ ಮನುಷ್ಯ. ಅವರ ಸಹಿ ಯಾವ ಡ್ರೈವರಿಗೂ ಸಿಹಿಯಾಗಿದ್ದೇ ಇಲ್ಲ. ದಿನಕ್ಕೆ ನೂರು ಸಲ “ತಡೀರಿ” ಎನ್ನುತ್ತಿದ್ದರಿಂದ ಜನರ ಬಾಯಲ್ಲಿ ತಡೀರಿ ಸಾಹೇಬರಾದರು. ಅಷ್ಟು ಗಾಡಿಗಳನ್ನು ಕಳಿಸಿದವರು ಒಂದರ ಮೇಲೂ ತಾವು ಹತ್ತಿ ಹೋದವರಲ್ಲ. ಮೊನ್ನೆ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಅವರ ಹೃದಯ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದೊಂದನ್ನು ಮಾತ್ರ ಅವರು ಯಾವತ್ತೂ ತಪಾಸಣೆಗೆ ಒಡ್ಡಿರಲಿಲ್ಲ.

“ಚಿಕ್ಕಪ್ಪ,” ಎಂದಳು ಮಗಳು ಮೇಸ್ತ್ರಿಗೆ, “ಬಣ್ಣ ಕೆರೀಬೇಕು. ಹೂ ಬಿಚ್ಬೇಕು. ಓಡಿಸೋಳು ನಾನು, ಗಾಡಿ ನೋಡ್ದೆ ಹತ್ತಲ್ಲ.”

ಮೇಸ್ತ್ರಿಯ ಉಬ್ಬಿದ್ದ ಅರ್ಧ ಇಂಚು ಎದೆ ಒಂದಿಂಚು ಒಳಗೆ ಹೋಯಿತು. “ಬಿಚ್ಚೋದಾ? ಅಣ್ಣನ ಸಿಂಗಾರಾನಾ?”

ಸೋದರಮಾವ ಗಡಿಯಾರ ನೋಡುತ್ತ ಮುಂದೆ ಬಂದರು. ಮದುವೆಯಾಗಲಿ ಸಾವಾಗಲಿ, ಈ ಮನೆಯಲ್ಲಿ ಗಂಟೆ ನೋಡುವ ಇಲಾಖೆ ಅವರದು. “ಆಗ್ಲೇ ಮೂರು. ಸ್ಮಶಾನದ ಗೇಟು ಐದಕ್ಕೆ ಹಾಕ್ತಾರೆ. ಇರೋದು ಮೂರು ಕಿಲೋಮೀಟರು. ಇವಳು ನೋಡಿದ್ರೆ ದೇಶ ದಾಟೋಳ ಥರ ಆಡ್ತಾಳೆ.”

“ಮೂರರಲ್ಲಿ ಒಂದೂವರೆ ಇಳಿಜಾರು, ಮಾವ. ಇಳಿಜಾರು ಮುಗಿಯೋ ಕಡೆ ಶಾಲೆ. ಮಕ್ಕಳನ್ನ ಬಿಡೋ ಹೊತ್ತಿಗೆ ಸರಿಯಾಗಿ ಹೋಗ್ತೀವಿ.”

“ಯಾರ್ಡಿಂದ ಇಲ್ಲಿಗೆ ಬಂತಲ್ಲ, ನೆಟ್ಟಗೆ?”

“ಬಂದಿದ್ದು ಏರು.”

ಎದುರುಮನೆಯ ಟೈಲರ್ ತಡೆಯಲಾರದೆ ಬಾಯಿ ಹಾಕಿದ: “ಹೊಲಿದಿದ್ದನ್ನ ಬಿಚ್ಚೋ ಸಂಕಟ ಟ್ರೈಲರ್‌ನೋರಿಗೆ ಎಲ್ಲಿ ಗೊತ್ತಾಗ್ಬೇಕು, ಟೈಲರ್‌ನ ಕೇಳಿ.” ಯಾರೂ ನಗಲಿಲ್ಲ. ಮಗಳು ಬೆಳ್ಳಿ ಬೆರಳನ್ನೇ ನೋಡುತ್ತಿದ್ದಳು. ಇವತ್ತು ನೋಡದೆ ಹತ್ತಿದರೆ, ಅಪ್ಪ ಅವಳ ಬಗ್ಗೆ ಅಂದುಕೊಂಡಿದ್ದೇ ನಿಜವಾಗಿಬಿಡುತ್ತದೆ. ಇನ್ನು ಅದನ್ನು ತಿದ್ದಲು ಅಪ್ಪನೂ ಇಲ್ಲ.

*

ಮೂರು ವರ್ಷದ ಹಿಂದೆ, ಅವಳ ಮೊದಲ ಟ್ರಿಪ್ಪಿನ ಬೆಳಗ್ಗೆ. ತಾನೇ ಸುತ್ತು ಹಾಕಿ ಎಲ್ಲ ನೋಡಿ, ಕ್ಯಾಬಿನ್ನು ಹತ್ತಿ ಸೀಟು ಹೊಂದಿಸಿಕೊಂಡಿದ್ದಳು. ಗೇಟಿನಲ್ಲಿ ಅಪ್ಪ ಮರದ ಸುತ್ತಿಗೆ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡಿದರು.

“ನಟ್ಟು ನೋಡಿದ್ಯಾ?”

“ನೋಡ್ದೆ.”

“ಏಳನೇ ಚಕ್ರದ್ದು?”

“ಎಲ್ಲಾ ನೋಡ್ದೆ ಅಪ್ಪ, ಸಹಿ ಹಾಕು.”

“ತಡಿ. ಇಳಿ ಕೆಳಗೆ.”

ಇಳಿದಳು. ಏಳನೇ ಚಕ್ರದಲ್ಲಿ ಒಂದು ನಟ್ಟಿನ ಬುಡದಿಂದ ಕೂದಲೆಳೆಯಷ್ಟು ತುಕ್ಕು ಕೆಳಗಿಳಿದಿತ್ತು. “ಸಡಿಲ ಆದ್ರೆ ಕಬ್ಬಿಣ ಹೀಗೆ ಅಳುತ್ತೆ ಕಣೆ, ಕೆಂಪಗೆ,” ಎಂದರು ಅಪ್ಪ. ಹಿಂದೆ ಸಾಲಾಗಿ ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ, “ಸಾಹೇಬ್ರೇ, ಈಗ ನಿಮ್ಮ ಮಗಳೂ ಕೆಂಪಗೆ ಅಳ್ತಾಳೆ ನೋಡಿ” ಎಂದ. ಗೇಟು ಗೊಳ್ಳೆಂದಿತು. ಆ ಲೋಡು ಬೇರೊಬ್ಬನ ಪಾಲಾಯಿತು.

“ಬೇರೆಯವರ ಮಗಳಾಗಿದ್ರೆ ಬಿಡ್ತಿದ್ದೆ ತಾನೆ?” ಸಂಜೆ ಮನೆಯಲ್ಲಿ ಕೇಳಿದ್ದಳು.

“ಅಲ್ಲಿಗೆ ಬರೋರೆಲ್ಲ ಬೇರೆಯವರ ಮಕ್ಕಳೇ ಅಲ್ವೇನೆ,” ಎಂದರು ಅಪ್ಪ, ಕುರ್ಚಿಯ ಅಲ್ಲಾಡುವ ಕಾಲಿಗೆ ಬೆಣೆ ಹೊಡೆಯುತ್ತ.

ಅವಳು ಮುಂದಿನ ವಾರವೇ ಬೈಪಾಸಿನಾಚೆಯ ಇನ್ನೊಂದು ಯಾರ್ಡಿಗೆ ಸೇರಿದಳು. ಆಮೇಲೆ ಅಪ್ಪ ಮಗಳು ಊಟದ ಮಾತು ಆಡಿದರು, ಓಟದ ಮಾತು ಬಿಟ್ಟರು. ಅವಳ ಗಾಡಿ ಹೇಗೆ ಓಡುತ್ತಿದೆ ಎಂದು ಅವರು ಕೇಳಲಿಲ್ಲ. ಕೇಳಲಿ ಎಂದು ಅವಳು ಕಾದಳು.

*

“ಅಕ್ಕ, ನೀನಾದ್ರೂ ಹೇಳು ನಿನ್ನ ಮಗಳಿಗೆ!”

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ತಮ್ಮನನ್ನು ನೋಡಿದರು. “ನಮ್ಮ ಮದುವೆ ದಿನ ಕಾರಿಗೆ ಹೂ ಕಟ್ಟಿದ್ದು ನೀನೇ ಅಲ್ವೇನೋ?”

“ಈಗ್ಯಾಕೆ ಅದು?”

“ಎಷ್ಟೊತ್ತು ನಿಂತಿತ್ತು ಆ ಕಾರು?”

ಸೋದರಮಾವ ಗಡಿಯಾರವಿದ್ದ ಕೈಯನ್ನು ಬೆನ್ನ ಹಿಂದೆ ಒಯ್ದರು. “ಒಂದು ಗಂಟೆ.”

“ಒಂದೂಕಾಲು,” ಅಮ್ಮ ನೆರೆದವರತ್ತ ತಿರುಗಿದರು. “ಗಾಜಿನ ಮೇಲೆಲ್ಲ ಹೂ ಇಟ್ರೆ ಡ್ರೈವರಿಗೆ ದಾರಿ ಕಾಣುತ್ತಾ ಅಂತ ಪೂರ್ತಿ ಬಿಚ್ಚಿಸಿದ್ರು. ಆಮೇಲೆ ಟಯರ್ ಒದ್ದು ನೋಡಿದ್ರು. ಹೊಸ ಪ್ಯಾಂಟಲ್ಲಿ ಕಾರಿನ ಕೆಳಗೆ ತೂರಿದ್ರು. ನಾನು ಒಳಗೆ ಕೂತು ಬೆವರಿ, ಮುಖಕ್ಕೆ ಬಳಿದಿದ್ದೆಲ್ಲ ಕುತ್ತಿಗೆಗಿಳೀತು. ಕೊನೆಗೆ ಪಕ್ಕದಲ್ಲಿ ಬಂದು ಕೂತು, ನನ್ನ ಕಡೆ ನೋಡಿ, ‘ಎಲ್ಲಾ ಸರಿಯಾಗಿದೆ’ ಅಂದ್ರು. ಕಾರಿಗೆ ಅಂದಿದ್ದೋ ನನಗೆ ಅಂದಿದ್ದೋ, ಕೇಳೋಣ ಕೇಳೋಣ ಅಂತಿದ್ದೆ...”

ನಕ್ಕವರು ಅರ್ಧದಲ್ಲಿ ನಿಲ್ಲಿಸಿದರು. ಅಮ್ಮ ಎದ್ದು ಹೋಗಿ ಹಿಂದಿನ ದೀಪದ ಮೇಲಿದ್ದ ಹೂವಿನ ಸರವನ್ನು ಹಿಡಿದೆಳೆದರು. ಅದು ಬಿಚ್ಚಿಕೊಂಡು ಅವರ ತೋಳಿನ ಮೇಲೆ ಬಿತ್ತು.

ಅಲ್ಲಿಗೆ ವಾದ ಮುಗಿಯಿತು. ಬಂಧುಗಳು, ಡ್ರೈವರುಗಳು, ಟೈಲರ್ ಸಮೇತ ಎಲ್ಲರೂ ಕೈ ಹಚ್ಚಿದರು. ಬಿಚ್ಚಿದ ಹೂವನ್ನು ನೆಲಕ್ಕೆ ಹಾಕಲು ಮನಸ್ಸಾಗದೆ, ಮಗು ಎತ್ತಿಕೊಂಡವರಂತೆ ತೋಳಲ್ಲಿ ಹೊತ್ತು ನಿಂತರು. ಮೇಸ್ತ್ರಿ ಮುಖ ಊದಿಸಿಕೊಂಡೇ ಬಣ್ಣ ಕೆರೆದ, ಮಗಳು ಹಿಂದಿನಿಂದ ಸ್ಪ್ಯಾನರ್ ಹಾಕಿ ಒಂದೊಂದನ್ನೇ ಅಲ್ಲಾಡಿಸಿ ನೋಡಿದಳು. ಎಂಬತ್ತಕ್ಕೆ ಎಂಬತ್ತೂ ಗಟ್ಟಿ.

“ಹೇಳ್ದೆ ತಾನೆ?” ಎಂದ ಮೇಸ್ತ್ರಿ.

“ಹೇಳಿದ್ರಿ ಚಿಕ್ಕಪ್ಪ. ಈಗ ಹತ್ತಿ ಬ್ರೇಕ್ ಒತ್ತಿ ಹಿಡ್ಕೊಳ್ಳಿ.”

ಟ್ರೈಲರಿನ ಬ್ರೇಕು ಹಿಡಿಯುವುದು ಗಾಳಿಯ ಬಲದಿಂದ. ಆ ಗಾಳಿ ಎಲ್ಲಾದರೂ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಕೇಳಬೇಕು. ಗಾಳಿಸುದ್ದಿಗೆ ಎಂದೂ ಕಿವಿಗೊಡದ ಅಪ್ಪ ಗಾಳಿಯ ಸುದ್ದಿಗಾಗಿ ಬಲಗೈ ಎತ್ತಿ ಇಡೀ ಯಾರ್ಡಿನ ಬಾಯಿ ಮುಚ್ಚಿಸುತ್ತಿದ್ದರು. ಮೇಸ್ತ್ರಿ ಹತ್ತಿ, ಗಾಳಿ ತುಂಬುವಷ್ಟು ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿದ. ಮಗಳು ಬಲಗೈ ಮೇಲೆತ್ತಿದಳು. ಗುಂಪಿನಲ್ಲಿದ್ದ ಡ್ರೈವರುಗಳು ತಟ್ಟನೆ ಸುಮ್ಮನಾದರು. ಅವರನ್ನು ನೋಡಿ ಉಳಿದವರೂ ಸುಮ್ಮನಾದರು.

ಸ್ಸ್ಸ್...

ಮುಂದಿನ ಲಾರಿಗೂ ಟ್ರೈಲರಿಗೂ ನಡುವೆ. ಮಗಳು ಕೈಯಾಡಿಸುತ್ತ ಹೋದಳು. ಹೂವು ಹೋಗಿತ್ತು, ಹೂವು ಕಟ್ಟಿದ್ದ ತಂತಿ ಪೈಪಿನ ಮೇಲೇ ಉಳಿದಿತ್ತು. ಬಿಗಿಯಾಗಿ ತಿರುಚಿದ ಅದರ ತುದಿ ರಬ್ಬರಿನೊಳಕ್ಕೆ ಇಳಿದಿತ್ತು.

ಮೇಸ್ತ್ರಿ ಇಳಿದು ಬಂದು ನೋಡಿದ. “ನಾನೇ,” ಎಂದ. “ದಾರೀಲಿ ಹೂ ಜಾರಿಬಿಟ್ರೆ ಅಂತ... ಇಕ್ಕಳ ಹಾಕಿ ತಿರುಚಿದೆ.” ಜೇಬಿನಿಂದ ಅದೇ ಇಕ್ಕಳ ತೆಗೆದು ತಂತಿ ಬಿಡಿಸತೊಡಗಿದ. “ಅಣ್ಣ ಇದ್ದಿದ್ರೆ ನನ್ನನ್ನ ಗೇಟಿಂದಾಚೆ ಹಾಕ್ತಿದ್ರು.”

“ಅಪ್ಪ ಇದ್ದಿದ್ರೆ ನೀವು ಹೂವೇ ಕಟ್ತಿರ್ಲಿಲ್ಲ,” ಎಂದಳು ಮಗಳು. “ಬೇರೆ ಪೈಪು ಕ್ಯಾಬಿನ್ ಹಿಂದಿದೆ. ನೀವೇ ಹಾಕಿ.”

ಸೋದರಮಾವ ಆಚೆ ಹೋಗಿ ಸ್ಮಶಾನಕ್ಕೆ ಫೋನು ಹಚ್ಚಿದ್ದರು. “ಗೇಟು ಹಾಕ್ಬೇಡಿ ಮಾರಾಯ್ರೆ, ಬರ್ತಿದೀವಿ, ಸ್ವಲ್ಪ ತಡೀರಿ” ಎಂದವರು ನಾಲಗೆ ಕಚ್ಚಿಕೊಂಡು ಸುತ್ತ ನೋಡಿದರು.

ಪೈಪು ತಿರುಗಿಸುತ್ತ ಮೇಸ್ತ್ರಿ ತಲೆ ಎತ್ತದೆ ಮಾತಾಡಿದ. “ಬೈಪಾಸ್ ಹತ್ರ ಟೀ ಅಂಗಡಿ ಇದ್ಯಲ್ಲ. ಅಣ್ಣ ದಿನಾ ಬೆಳಗ್ಗೆ ನನ್ನ ಕರ್ಕೊಂಡು ಅಲ್ಲಿಗೆ ಬರ್ತಿದ್ರು.”

“ಅಪ್ಪ ಟೀ ಕುಡೀತಿರ್ಲಿಲ್ವಲ್ಲ.”

“ಇಲ್ಲ. ಎರಡೂ ನಾನೇ ಕುಡೀತಿದ್ದೆ. ಏಳೂವರೆಗೆ ನಿನ್ನ ಗಾಡಿ ಹೋಗೋದು. ಅಲ್ಲಿಂದ ಬಲಗಡೆ ಚಕ್ರ ಮಾತ್ರ ಕಾಣ್ತಿತ್ತು. ಎಡಗಡೆದು ಯಾರು ನೋಡ್ತಾರೆ ಅಂತ ಒದ್ದಾಡೋರು. ಆಮೇಲೆ ಒಂದು ದಿನ ಈ ಕಡೆ, ಒಂದು ದಿನ ರಸ್ತೆ ದಾಟಿ ಆ ಕಡೆ ನಿಂತ್ಕೊಳ್ಳೋಕೆ ಶುರು ಮಾಡಿದ್ರು.”

ಮಗಳು ಸ್ಪ್ಯಾನರ್ ಕೆಳಗಿಟ್ಟಳು. “ಏನಂತಿದ್ರು?”

“ಏನೂ ಅಂತಿರ್ಲಿಲ್ಲ.”

“ಏನೂ?”

“ಮೂರು ವರ್ಷ ಕಣಮ್ಮ. ಅವರು ಏನೂ ಅನ್ನದೆ ಬಿಟ್ಟ ಗಾಡಿ ನಾನು ನೋಡಿದ್ದು ಅದೊಂದೇ.” ಮೇಸ್ತ್ರಿ ಮೂಗು ಒರೆಸಿಕೊಂಡ, ಮೂಗಿನ ತುದಿಗೆ ಬೆಳ್ಳಿ ಹತ್ತಿತು. “ನಾನಿಲ್ಲಿ ಪೈಪು ಹಿಡ್ಕೊಂಡಿರ್ತೀನಿ. ಬ್ರೇಕ್ ಒತ್ತೋಕೆ ಯಾರನ್ನಾದ್ರೂ ಕರಿ.”

ಮಗಳು ತಿರುಗುವಷ್ಟರಲ್ಲಿ ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಕ್ಯಾಬಿನ್ನಿನ ಮೊದಲ ಮೆಟ್ಟಿಲ ಮೇಲಿದ್ದರು. ಸೋದರಮಾವ ಕೆಳಗಿನಿಂದ ಆಸರೆ ಕೊಟ್ಟರು. ಸೀಟಿನಿಂದ ಪೆಡಲು ಅವರಿಗೆ ದೂರವಾಯಿತು. ತುದಿಗೆ ಸರಿದು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಎರಡೂ ಪಾದಗಳನ್ನು ಪೆಡಲಿನ ಮೇಲಿಟ್ಟು ಒತ್ತಿದರು.

“ಸಾಕೇನೆ ಇಷ್ಟು?”

“ಸಾಕಮ್ಮ. ಹಾಗೇ ಇರು.”

ಮಗಳು ಕೈ ಎತ್ತಿದಳು. ತೋಳ ತುಂಬ ಹೂ ಹೊತ್ತ ಬೀದಿ ಉಸಿರು ಬಿಗಿಹಿಡಿಯಿತು. ಯಾರದೋ ಕೈಯಿಂದ ಎಸಳುಗಳು ಉದುರಿದವು, ಅವು ನೆಲ ಮುಟ್ಟಿದ್ದೂ ಕೇಳಿಸುವಂತಿತ್ತು. ಪೈಪಿನಿಂದ ಯಾವ ಸದ್ದೂ ಇಲ್ಲ. ಚಕ್ರಗಳ ಕಡೆಯಿಂದಲೂ ಇಲ್ಲ. ಪೆಟ್ಟಿಗೆಯಿದ್ದ ಹಲಗೆಯ ಉದ್ದಕ್ಕೂ, ಮೊದಲಿನಿಂದ ಕೊನೆಯವರೆಗೆ, ಏನೂ ಇಲ್ಲ.

ಇನ್ನು ಕೈ ಇಳಿಸಿ ಗಾಡಿ ಹೊರಡಿಸಬಹುದಾಗಿತ್ತು. ಮಗಳು ಇಳಿಸಲಿಲ್ಲ. ಮೇಲೆ ಅಮ್ಮ ಪೆಡಲಿನಿಂದ ಕಾಲು ತೆಗೆಯಲಿಲ್ಲ.